ಹಳೇ ಚುನಾವಣಾ ಮೆಡಲ್ ಹುಡುಕುವಾಗ ಹೆಸರು ಬಿಡಿ, ನಂಬರ್ ಹಾಕಿ
ಅಮೆರಿಕದ 19ನೇ ಶತಮಾನದ ಚುನಾವಣಾ ಪ್ರಚಾರದ ಮೆಡಲ್ ಸಂಗ್ರಹಿಸುವವರಿಗೆ ಒಂದು ಮಾತು: ಹಳೇ ಹರಾಜಿನ ದಾಖಲೆ ಹುಡುಕುವಾಗ ಅಭ್ಯರ್ಥಿಯ ಹೆಸರಿನ ಬದಲು ಡೆವಿಟ್ ನಂಬರ್ (ಡೆವಿಟ್ ಎಂಬವರ ಪಟ್ಟಿಯಲ್ಲಿ ಆ ಮೆಡಲ್‌ಗೆ ಕೊಟ್ಟ ಸಂಖ್ಯೆ) ಟೈಪ್ ಮಾಡಿ. ಹೆಸರಿನ ಮೊದಲಕ್ಷರಗಳು, ಚುನಾವಣೆಯ ವರ್ಷ, ಆಮೇಲೆ ಕ್ರಮಸಂಖ್ಯೆ, ಇಷ್ಟೇ ಅದರ ಲೆಕ್ಕ. ಲಿಂಕನ್ ಆದರೆ ಎಎಲ್ (AL) 1860, ವಿಲಿಯಂ ಹೆನ್ರಿ ಹ್ಯಾರಿಸನ್ ಆದರೆ ಡಬ್ಲ್ಯುಎಚ್‌ಎಚ್ (WHH) 1840, ಇದರ ಮುಂದೆ ಕ್ರಮಸಂಖ್ಯೆ. ಹ್ಯಾರಿಸನ್ ಮೆಡಲ್‌ಗಳನ್ನೇ ನೋಡಿ. ಒಂದು ಕಡೆ ಅವರ ಮುಖ, ಇನ್ನೊಂದು ಕಡೆ ಮರದ ದಿಮ್ಮಿಯ ಮನೆ, ಪಕ್ಕದಲ್ಲಿ ಸೈಡರ್ (ಸೇಬಿನ ಮದ್ಯ) ಪೀಪಾಯಿ. ಎಷ್ಟೋ ಅಚ್ಚುಗಳಲ್ಲಿ ಇದೇ ಚಿತ್ರ! ಹೆಸರು ಹಾಕಿದರೆ ಎಲ್ಲಾ ಒಟ್ಟಿಗೆ ಬಂದು ತಲೆ ಕೆಡುತ್ತದೆ, ನಂಬರ್ ಹಾಕಿದರೆ ನಿಮ್ಮ ಕೈಯಲ್ಲಿರುವ ಅಚ್ಚು ಮಾತ್ರ ಸಿಗುತ್ತದೆ. ವರ್ಷಕ್ಕೂ ಕ್ರಮಸಂಖ್ಯೆಗೂ ನಡುವೆ ಗೀಟು (-) ಹಾಕಿ ಒಮ್ಮೆ, ಹಾಕದೆ ಒಮ್ಮೆ ಹುಡುಕಿ. ಮಾರುವವರು ಹೇಗೆ ಬೇಕೋ ಹಾಗೆ ಬರೆದಿರುತ್ತಾರೆ. ಆದರೆ ನಂಬರ್ ಸಿಕ್ಕಿತು ಅಂತ ಅಸಲಿ ಅಂದುಕೊಳ್ಳಬೇಡಿ. ಅದೇ ಅಚ್ಚಿನಿಂದ ಆಮೇಲೆ ಹೊಡೆದದ್ದಕ್ಕೂ ಅದೇ ನಂಬರ್ ಹಾಕಿ ಮಾರುತ್ತಾರೆ. ತಾಮ್ರವೋ, ಹಿತ್ತಾಳೆಯೋ, ಬಿಳಿ ಲೋಹವೋ ಅಂತ ಬೇರೆಯಾಗಿ ನೋಡಲೇಬೇಕು, ಬೆಲೆ ನಿಲ್ಲುವುದು ಅದರ ಮೇಲೆಯೂ ಹೌದು. ಅಂದಹಾಗೆ, ಮೇಲ್ಗಡೆ ತೂತು ಇದೆ ಅಂತ ಸುಮ್ನೆ ಬಿಟ್ಟುಬಿಡಬೇಡಿ. ಆಗ ಜನ ರಿಬ್ಬನ್ ಪೋಣಿಸಿ ಕೋಟ್‌ಗೆ ಹಾಕಿಕೊಳ್ಳುತ್ತಿದ್ದರು, ಅಲ್ವಾ?