ದಿನಕ್ಕೊಂದೇ ಮನೆ: ಇಂಗ್ಲೆಂಡಿನ ಹಳೆಯ ಮಹಲುಗಳನ್ನೂ ತೋಟಗಳನ್ನೂ ನೋಡುವ ಬಗೆ

ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಶ್ರೀಮಂತ ಮನೆತನಗಳ ಹಳೆಯ ಮಹಲುಗಳನ್ನು ನೋಡಬೇಕೆನ್ನುವವರು ಮೊದಲು ಒಂದು ಕೌಂಟಿಯನ್ನು, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶವನ್ನು, ಆರಿಸಿಕೊಂಡು, ದಿನಕ್ಕೆ ಒಂದೇ ಮನೆ ಎಂದು ನಿಶ್ಚಯಿಸಿಕೊಳ್ಳಬೇಕು. ಒಂದೇ ದಿನ ಎರಡು ಮೂರು ಕಡೆ ಓಡಾಡಿದರೆ ಚಿನ್ನದ ಲೇಪದ ಕೋಣೆಗಳೆಲ್ಲ ಒಂದೇ ತೆರನಾಗಿ ಕಾಣತೊಡಗುತ್ತವೆ. ಒಂದೇ ಮನೆಯನ್ನು ಅದರ ತೋಟ, ಕುದುರೆಲಾಯ, ಅಡುಗೆಮನೆಗಳ ಸಮೇತ ನಿಧಾನವಾಗಿ ನೋಡಿದರೆ ಅಲ್ಲಿ ಯಾರು ಹೇಗೆ ಬಾಳಿದರು, ಅವರಿಗೆ ಹಣ ಎಲ್ಲಿಂದ ಬಂತು ಎಂಬುದೂ ಅರ್ಥವಾಗುತ್ತದೆ.

ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವುದು ಡರ್ಬಿಶೈರ್. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಡರ್ಬಿಗೂ ಚೆಸ್ಟರ್‌ಫೀಲ್ಡ್‌ಗೂ ನೇರ ರೈಲುಗಳಿವೆ. ಬೆಳಗಿನ ದಟ್ಟಣೆಯ ವೇಳೆ ಕಳೆದ ಮೇಲೆ ಹೊರಟರೆ ಟಿಕೆಟ್ ಅಗ್ಗ. ಅಲ್ಲಿನ ಹಾರ್ಡ್‌ವಿಕ್ ಹಾಲ್ 1590ರ ದಶಕದಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಎಂದೇ ಹೆಸರಾದ ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್ ಕಟ್ಟಿಸಿದ ಮನೆ. ಗಾಜು ಬಲು ದುಬಾರಿಯಾಗಿದ್ದ ಕಾಲದಲ್ಲಿ ಆಕೆ ಗೋಡೆಗಿಂತ ಕಿಟಕಿಯೇ ಹೆಚ್ಚೆನಿಸುವಂತೆ ಕಟ್ಟಿಸಿದಳು. ದೂರದಲ್ಲಿ ನಿಂತು ಗೋಪುರಗಳ ನೆತ್ತಿಯನ್ನು ನೋಡಿ: ಅವಳ ಹೆಸರಿನ ಮೊದಲಕ್ಷರಗಳಾದ ಇ ಮತ್ತು ಎಸ್ ಕಲ್ಲಿನಲ್ಲಿ ಆಕಾಶಕ್ಕೆ ಎದ್ದು ನಿಂತಿವೆ. ಮೆಟ್ಟಿಲು ಹತ್ತುತ್ತಾ ಹೋದಂತೆ ಕಿಟಕಿಗಳೂ ಎತ್ತರವಾಗುತ್ತವೆ, ಏಕೆಂದರೆ ಗಣ್ಯರನ್ನು ಬರಮಾಡಿಕೊಳ್ಳುವ ಕೋಣೆಗಳು ಮೇಲಂತಸ್ತಿನಲ್ಲಿದ್ದವು. ಇಷ್ಟು ಬೆಳಕಿನ ಮನೆಯಲ್ಲಿ ಈಗ ಪರದೆ ಎಳೆದು ಮಬ್ಬುಗತ್ತಲೆ ಮಾಡಿರುವುದು ಕಂಡರೆ ಬೇಸರಪಡಬೇಡಿ. ಗೋಡೆಗೆ ತೂಗುಬಿಟ್ಟ ಹಳೆಯ ನೇಯ್ಗೆಗಳ ಬಣ್ಣ ಬಿಸಿಲಿಗೆ ಮಾಸಿಹೋಗದಿರಲೆಂದು ಹಾಗೆ ಮಾಡುತ್ತಾರೆ. ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಅದೇ ಕೌಂಟಿಯ ಕೆಡಲ್‌ಸ್ಟನ್ ಹಾಲನ್ನು ಭಾರತದವರು ತಪ್ಪಿಸಿಕೊಳ್ಳಬಾರದು. ವಾಸ್ತುಶಿಲ್ಪಿ ರಾಬರ್ಟ್ ಆ್ಯಡಮ್ ರೂಪಿಸಿದ ಈ ಮನೆಯ ಮಾದರಿಯಲ್ಲಿಯೇ ಕೋಲ್ಕತ್ತದ ರಾಜಭವನ ಎದ್ದಿತು. ಇದೇ ಮನೆಯಲ್ಲಿ ಹುಟ್ಟಿದ ಕರ್ಜನ್ ಮುಂದೆ ವೈಸರಾಯ್ ಆಗಿ ಆ ಕಟ್ಟಡದಲ್ಲಿಯೇ ವಾಸಿಸಿದ. ಲೇಡಿ ಕರ್ಜನ್ 1903ರ ದೆಹಲಿ ದರ್ಬಾರಿನಲ್ಲಿ ಉಟ್ಟ ನವಿಲುಗರಿ ವಿನ್ಯಾಸದ ಉಡುಪು ಈ ಮನೆಯ ಸಂಗ್ರಹಕ್ಕೆ ಸೇರಿದೆ. ಪ್ರತಿ ಗರಿಯ ನಡುವೆ ಹೊಳೆಯುವ ಹಸಿರು ಚುಕ್ಕೆ ಒಂದು ಜೀರುಂಡೆಯ ರೆಕ್ಕೆಯ ಚಿಪ್ಪು. ಸುತ್ತಲಿನ ಜರ್ದೋಸಿ ಭಾರತದ ಕಸೂತಿಗಾರರ ಕೈಕೆಲಸ. ಇಡೀ ಮನೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ ಎಂಬುದು ನನ್ನ ಅಭಿಪ್ರಾಯ.

ಡರ್ಬಿಶೈರಿನ ಇನ್ನೊಂದು ಮಹಲಾದ ಚಾಟ್ಸ್‌ವರ್ತ್‌ನಲ್ಲಿ ಮಾತ್ರ ತೋಟವೇ ಮೊದಲು. ಜೋಸೆಫ್ ಪ್ಯಾಕ್ಸ್‌ಟನ್ 1844ರಲ್ಲಿ ಮಾಡಿದ ಎಂಪರರ್ ಕಾರಂಜಿಗೆ ಪಂಪಿಲ್ಲ. ಮೇಲಿನ ಗುಡ್ಡದಲ್ಲಿ ತೋಡಿದ ಕೆರೆಯ ನೀರು ಇಳಿದು ಬರುವ ಒತ್ತಡದಿಂದಲೇ ಅದು ಚಿಮ್ಮುತ್ತದೆ. ಸುತ್ತಲಿನ ಹುಲ್ಲುಗಾವಲು ಸಹಜವಾಗಿಯೇ ಹಾಗಿದೆಯೆಂದು ಅನಿಸಿದರೂ ಅದನ್ನು ತಿದ್ದಿ ರೂಪಿಸಿದವನು ಭೂದೃಶ್ಯ ವಿನ್ಯಾಸಕ ಕೇಪಬಿಲಿಟಿ ಬ್ರೌನ್.

ಟಿಕೆಟಿನ ವಿಷಯದಲ್ಲಿ ಗೊಂದಲ ಸಹಜ. ಹಾರ್ಡ್‌ವಿಕ್, ಕೆಡಲ್‌ಸ್ಟನ್ ಎರಡೂ ಹಳೆಯ ಮನೆ, ತೋಟಗಳನ್ನು ಕಾಪಾಡಲು 1895ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯವು. ಚಾಟ್ಸ್‌ವರ್ತ್‌ಗೆ ಅದರ ಸದಸ್ಯತ್ವ ನಡೆಯುವುದಿಲ್ಲ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಬೇರೆಯೇ ಸಂಸ್ಥೆ, ಅದರ ಪಾಸೂ ಬೇರೆ. ಆದ್ದರಿಂದ ನೋಡಬೇಕಾದ ಮನೆಗಳನ್ನು ಮೊದಲು ಪಟ್ಟಿ ಮಾಡಿ, ಯಾವುದು ಯಾರದೆಂದು ತಿಳಿದು, ಆಮೇಲೆ ಪಾಸ್ ಕೊಳ್ಳಿ. ಟಿಕೆಟ್ ಕಿಟಕಿಯಲ್ಲಿ ಗಿಫ್ಟ್ ಏಡ್ ಬೇಕೇ ಎಂದು ಕೇಳಿದರೆ ಬೇಡವೆನ್ನಿ; ದಾನ ಕೊಟ್ಟವರ ತೆರಿಗೆಯ ಪಾಲು ಸಂಸ್ಥೆಗೆ ಸಿಗುವ ಈ ಏರ್ಪಾಡು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ.

ಸಾಮಾನ್ಯವಾಗಿ ತೋಟ ಮೊದಲು ತೆರೆಯುತ್ತದೆ, ಮನೆ ಆಮೇಲೆ. ಕೆಲವು ದಿನ ಮನೆ ಮುಚ್ಚಿದ್ದು ತೋಟವಷ್ಟೇ ತೆರೆದಿರುವುದೂ ಉಂಟು. ದೊಡ್ಡ ಬ್ಯಾಗನ್ನು ಒಳಗೆ ಬಿಡುವುದಿಲ್ಲ, ಚೂಪು ಹಿಮ್ಮಡಿಯ ಚಪ್ಪಲಿಯೂ ಬೇಡ, ಕ್ಯಾಮೆರಾದ ಫ್ಲ್ಯಾಷ್ ಆರಿಸಿರಬೇಕು. ಕೋಣೆಕೋಣೆಯಲ್ಲೂ ನಿಂತಿರುವ ಸ್ವಯಂಸೇವಕರನ್ನು ಮಾತನಾಡಿಸಿ. ಅವರಾಗಿ ಮಾತು ತೆಗೆಯದಿರಬಹುದು, ಆದರೆ ಒಂದು ಪ್ರಶ್ನೆ ಕೇಳಿದರೆ ಸಾಕು, ಫಲಕದಲ್ಲಿ ಬರೆಯದ ಎಷ್ಟೋ ಸಂಗತಿಗಳನ್ನು ಪ್ರೀತಿಯಿಂದ ಹೇಳುತ್ತಾರೆ. ವಾಹನವಿಲ್ಲದವರು ಭಾನುವಾರ ಹಳ್ಳಿಗಳ ಕಡೆ ಬಸ್ಸು ವಿರಳವೆಂಬುದನ್ನು ನೆನಪಿಟ್ಟು, ಹಿಂತಿರುಗುವ ಟ್ಯಾಕ್ಸಿಯನ್ನು ಬೆಳಿಗ್ಗೆಯೇ ಗೊತ್ತುಮಾಡಿಕೊಳ್ಳಬೇಕು.

ಹೂವಿಗಾಗಿಯೇ ಹೋಗುವವರಿಗೆ ಜೂನ್ ಗುಲಾಬಿಯ ತಿಂಗಳು. ಕೆಂಟ್ ಕೌಂಟಿಯ ಸಿಸಿಂಗ್‌ಹರ್ಸ್ಟ್‌ನ ಬಿಳಿಯ ತೋಟಕ್ಕೆ ಮಾತ್ರ ಜುಲೈ ಮೊದಲ ವಾರವನ್ನು ಇಟ್ಟುಕೊಳ್ಳಿ, ಅಲ್ಲಿನ ಚಪ್ಪರದ ಬಳ್ಳಿಗುಲಾಬಿ ಆಗ ಅರಳುತ್ತದೆ. ನ್ಯಾಷನಲ್ ಗಾರ್ಡನ್ ಸ್ಕೀಮ್ 1927ರಿಂದ ದಾನಕಾರ್ಯಕ್ಕಾಗಿ ಖಾಸಗಿ ಮನೆಗಳ ತೋಟಗಳನ್ನು ಆಯ್ದ ದಿನಗಳಲ್ಲಿ ತೆರೆಸುತ್ತಾ ಬಂದಿದೆ. ಅಲ್ಲಿ ತೋಟ ಮಾಡಿದವರೇ ಎದುರಿಗೆ ಸಿಗುತ್ತಾರೆ. ಮಾರಾಟಕ್ಕಿಟ್ಟ ಸಸಿಗಳನ್ನು ಕಂಡು ಆಸೆಪಡಬೇಡಿ, ಪರವಾನಗಿಯೂ ಸಸ್ಯ ಆರೋಗ್ಯದ ಪ್ರಮಾಣಪತ್ರವೂ ಇಲ್ಲದೆ ಅವನ್ನು ಭಾರತಕ್ಕೆ ತರುವಂತಿಲ್ಲ. ಗಿಡದ ಹೆಸರನ್ನು ಬರೆದುಕೊಂಡು, ಅದಕ್ಕೆ ಎಂಥ ಮಣ್ಣು, ಎಷ್ಟು ನೆರಳು ಬೇಕೆಂದು ಅವರನ್ನೇ ಕೇಳಿ.