ಕಾರಿನಲ್ಲಿ ಪೆಟ್ರೋಲ್ ವಾಸನೆಯೇ? ಯಾವ ಹೊತ್ತಿಗೆ ಬರುತ್ತದೆ ನೋಡಿ

ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿದ ಐದು ನಿಮಿಷ ವಾಸನೆ ಬಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗಲೂ ಮೂಗಿಗೆ ಬಡಿದರೆ ಎಲ್ಲೋ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಗ್ಯಾರೇಜಿನಲ್ಲಿ ‘ವಾಸನೆ ಬರುತ್ತೆ’ ಎಂದಷ್ಟೇ ಹೇಳಿದರೆ ಪೈಪಿನಿಂದ ಟ್ಯಾಂಕಿನವರೆಗೆ ಎಲ್ಲವನ್ನೂ ಬಿಚ್ಚುತ್ತಾರೆ. ಯಾವಾಗ ಬರುತ್ತದೆ ಎಂದು ಹೇಳಿದರೆ ಹುಡುಕುವ ಜಾಗ ಒಂದೆರಡಕ್ಕೆ ಇಳಿಯುತ್ತದೆ.

ಕಾರಿನಡಿ ತೊಟ್ಟಿಕ್ಕುತ್ತಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ತಳ್ಳಿಕೊಂಡು ಬಯಲಿಗೆ ತನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಮೇಲೇರದೆ ನೆಲದುದ್ದಕ್ಕೂ ಹರಡುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಬೆರೆತರೂ ಒಂದು ಕಿಡಿ ಸಾಕು. ಹಾಗಾಗಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಸೋರಿಕೆ ಹುಡುಕುವ ಜಾಗವಲ್ಲ. ಟಾರ್ಚನ್ನು ದೂರದಲ್ಲೇ ಹೊತ್ತಿಸಿಕೊಂಡು ಬನ್ನಿ. ವೈರ್ ಎಳೆದು ಬಲ್ಬ್ ನೇತುಹಾಕುವ ಗ್ಯಾರೇಜ್ ಪದ್ಧತಿ ಬೇಡ. ಎಬಿಸಿ ಪೌಡರ್‌ನ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಂತಿರಲಿ.

ಫುಲ್ ಟ್ಯಾಂಕ್ ಮಾಡಿಸಿದಾಗ ಮಾತ್ರ ವಾಸನೆ ಬರುತ್ತಿದ್ದರೆ ತೊಂದರೆ ಹಿಂಭಾಗದಲ್ಲಿದೆ. ಮೊದಲು ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ಬಿರಿದಿದೆಯೇ ನೋಡಿ. ಆಮೇಲೆ ಹಿಂದಿನ ಸೀಟ್ ಎತ್ತಿ. ಬಹಳಷ್ಟು ಕಾರುಗಳಲ್ಲಿ ಫ್ಯೂಯಲ್ ಪಂಪ್ ಇರುವುದು ಅಲ್ಲೇ. ಪಂಪಿನ ಸುತ್ತಲಿನ ಧೂಳು ಒದ್ದೆಯಾಗಿ ಕಪ್ಪಿಟ್ಟಿದ್ದರೆ ಅದರ ಸಂದು ಮುಚ್ಚುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್ ಹೋಗಿದೆ. ಇತ್ತೀಚೆಗೆ ಪಂಪ್ ಬಿಚ್ಚಿಸಿದ್ದೀರಾದರೆ ಅನುಮಾನ ಇನ್ನೂ ಗಟ್ಟಿ. ಪೆಟ್ರೋಲಿನಲ್ಲಿ ಉಬ್ಬಿದ ಹಳೆಯ ಗ್ಯಾಸ್ಕೆಟ್ಟನ್ನೇ ಅದುಮಿ ಕೂರಿಸಿರುತ್ತಾರೆ, ಅದು ಮತ್ತೆ ಸರಿಯಾಗಿ ಕೂರುವುದಿಲ್ಲ. ಪಂಪ್ ತೆಗೆದಾಗಲೆಲ್ಲ ಹೊಸ ಗ್ಯಾಸ್ಕೆಟ್ ಹಾಕಿಸಬೇಕು.

ನಾಜಲ್ ‘ಟಕ್’ ಎಂದು ನಿಂತ ಮೇಲೂ ರೌಂಡ್ ಫಿಗರ್‌ಗಾಗಿ ಇನ್ನಷ್ಟು ಹಾಕಿಸುವ ಅಭ್ಯಾಸ ಬಿಡಿ. ಹೆಚ್ಚಾದ ಪೆಟ್ರೋಲ್, ಆವಿ ಹೀರುವ ಇದ್ದಿಲಿನ ಡಬ್ಬಿಗೆ, ಅಂದರೆ ಕ್ಯಾನಿಸ್ಟರ್‌ಗೆ ನುಗ್ಗುತ್ತದೆ. ನೆನೆದ ಇದ್ದಿಲು ಆವಿ ಹಿಡಿಯದು. ಅದರ ಪುಡಿ ಹೋಗಿ, ಡಬ್ಬಿಯ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಮುಚ್ಚಿಕೊಳ್ಳದಂತೆ ಮಾಡುವುದೂ ಉಂಟು. ಪೆಟ್ರೋಲ್ ತುಂಬಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗಲು ಸತಾಯಿಸಿದರೆ ಇದೇ ಸುಳಿವು. ಇಂಜಿನ್ ಆಫ್ ಇದ್ದಾಗ ವಾಲ್ವ್ ಬಿಚ್ಚಿ, ಒಂದು ತುದಿಗೆ ರಬ್ಬರ್ ನಳಿಕೆ ಸಿಕ್ಕಿಸಿ ಊದಿ. ಗಾಳಿ ಆಚೆಗೆ ಹೋದರೆ ಬದಲಿಸಿ.

ಓಡುವಾಗ ವಾಸನೆ ಬರುತ್ತಿದ್ದರೆ ಎಸಿಯ ರೀಸರ್ಕ್ಯುಲೇಷನ್ ಬಟನ್ ಒತ್ತಿ. ವಾಸನೆ ತಗ್ಗಿದರೆ ಅದು ಬಾನೆಟ್ ಕಡೆಯದು, ಏಕೆಂದರೆ ಹೊರಗಾಳಿ ಒಳಬರುವುದು ವಿಂಡ್‌ಶೀಲ್ಡ್ ಬುಡದಿಂದ.

ಅಲ್ಲಿ ಹುಡುಕುವಾಗ ಹಲವರು ಎಡವುವುದುಂಟು. ನಿಂತ ಗಾಡಿಯಲ್ಲಿ ಒತ್ತಡ ಇಳಿದಿರುತ್ತದೆ, ಸೋರಿದ್ದೂ ಆವಿಯಾಗಿ ಹೋಗಿರುತ್ತದೆ. ಆದ್ದರಿಂದ ಇಂಜಿನ್ ತಣ್ಣಗಿರುವಾಗ ಒಬ್ಬರು ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಲಿ, ಸ್ಟಾರ್ಟ್ ಬೇಡ. ಪಂಪ್ ಎರಡು-ಮೂರು ಸೆಕೆಂಡ್ ಗುಂಯ್‌ಗುಟ್ಟಿ ನಿಲ್ಲುತ್ತದೆ. ಹೀಗೆ ಮೂರ್ನಾಲ್ಕು ಸಲ ಮಾಡುವಾಗ ಇನ್ನೊಬ್ಬರು ಬಿಳಿ ಟಿಶ್ಯೂವಿನಿಂದ ಪೈಪಿನ ಜಾಯಿಂಟ್‌ಗಳನ್ನೂ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಒಂದೊಂದು ಇಂಜೆಕ್ಟರ್‌ನ ಬುಡವನ್ನೂ ಒರೆಸಿ ಮೂಸಬೇಕು. ಇಂಜೆಕ್ಟರ್ ಪಕ್ಕ ಧೂಳು ತೊಳೆದು ಹೋದಂಥ ಗೆರೆ ಕಂಡರೆ ಅದರ ಮೇಲ್ತುದಿಯ ರಬ್ಬರ್ ಬಳೆ, ಅಂದರೆ ಓ-ರಿಂಗ್ ಗಡಸಾಗಿದೆ. ಪೈಪಿನಲ್ಲಿ ಇಲಿಯ ಹಲ್ಲಿನ ಗುರುತು ಹುಡುಕಿ. ತೋಟ, ಕಾಡಿನ ಅಂಚಿನಲ್ಲಿ ನಿಲ್ಲುವ ಗಾಡಿಯಾದರೆ ಸೂಜಿ ಚುಚ್ಚಿದಂಥ ದುಂಡನೆಯ ರಂಧ್ರವನ್ನೂ ಹುಡುಕಿ. ಸಾಯುತ್ತಿರುವ ಮರದ ಮದ್ಯದ ವಾಸನೆಗೆ ಬರುವ ಆಂಬ್ರೋಸಿಯಾ ದುಂಬಿ, ಪೆಟ್ರೋಲಿನ ಎಥೆನಾಲಿಗೆ ಮರುಳಾಗಿ ರಬ್ಬರ್ ಕೊರೆಯುತ್ತದೆ. ಕೇರಳದಲ್ಲಿ ಈ ಕಾಟ ಚೆನ್ನಾಗಿ ಗೊತ್ತು. ಅಂಥ ಕಡೆ ಪೈಪಿಗೆ ಸ್ಟೀಲ್ ಜಾಲರಿಯ ಹೊದಿಕೆ ಹಾಕಿಸಿ.

ಬಿಚ್ಚುವ ಮುನ್ನ ಒತ್ತಡ ಇಳಿಸಬೇಕು. ಸೋರಿಕೆ ಸಣ್ಣದಿದ್ದರೆ ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ದೊಡ್ಡದಿದ್ದರೆ ಮುಟ್ಟದೆ ಟೋಯಿಂಗ್‌ಗೆ ಕರೆ ಮಾಡಿ. ಜಾಯಿಂಟ್‌ಗೆ ಬಟ್ಟೆ ಸುತ್ತಿಯೇ ಸಡಿಲಿಸಿ. ಸಾಮಾನ್ಯ ಇಂಜೆಕ್ಷನ್ ಲೈನಿನಲ್ಲಿ 3ರಿಂದ 4 ಬಾರ್ ಒತ್ತಡವಿರುತ್ತದೆ. ಹಳೆಯ ಕಾರ್ಬ್ಯುರೇಟರ್ ಗಾಡಿಯ ಪೈಪ್ ಇದಕ್ಕೆ ತಡೆಯದು. ಒಳವ್ಯಾಸ ಅಷ್ಟೇ ಇರುವ, ‘ಎಸ್‌ಎಇ ಜೆ30 ಆರ್9’ (ಇಂಜೆಕ್ಷನ್ ಒತ್ತಡ ತಡೆಯುವ ಹೋಸಿನ ಗುರುತು) ಎಂದು ಮುದ್ರಿಸಿದ ಹೋಸ್ ಕೇಳಿ. ಸೀಳುಗಳಿರುವ ಅಗ್ಗದ ಕ್ಲಾಂಪ್ ರಬ್ಬರನ್ನು ಕಚ್ಚಿ ಹರಿಯುತ್ತದೆ; ಒಳಮೈ ನುಣುಪಾಗಿರುವ ಇಂಜೆಕ್ಷನ್ ಕ್ಲಾಂಪ್ ಬೇಕು. ಪ್ಲಾಸ್ಟಿಕ್ ಲೈನ್ ಬಿರುಕು ಬಿಟ್ಟಿದ್ದರೆ ಎಪಾಕ್ಸಿ ಮೆತ್ತುವುದು ಪ್ರಾಣಕ್ಕೇ ಸಂಚಕಾರ, ಪೂರ್ತಿ ಬದಲಿಸಿ. ಹೊಸ ಓ-ರಿಂಗ್‌ಗೆ ಒಂದು ಹನಿ ಇಂಜಿನ್ ಆಯಿಲ್ ಸವರಿ ಕೂರಿಸಿ, ಒಣದಾಗಿ ತುರುಕಿದರೆ ಅಂಚು ಕತ್ತರಿಸಿಹೋಗುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಕಾರುಗಳಲ್ಲಿ ಒತ್ತಡ 200 ಬಾರ್ ದಾಟುತ್ತದೆ, ಅದಕ್ಕೆ ಮನೆಯಲ್ಲಿ ಕೈಹಾಕಲೇಬಾರದು.

ಸೋರಿಕೆ ಎಲ್ಲೂ ಕಾಣದಿದ್ದರೆ ಇಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲ್ ತೆಳುವಾಗಿ, ಮಟ್ಟ ಮೇಲಿನ ಗುರುತನ್ನೂ ಮೀರಿ, ಪೆಟ್ರೋಲ್ ಘಾಟು ಬಂದರೆ ಇಂಜೆಕ್ಟರ್ ಇಂಜಿನ್ನಿನ ಒಳಗೇ ತೊಟ್ಟಿಕ್ಕುತ್ತಿರಬಹುದು ಅಥವಾ ಸ್ಪಾರ್ಕ್ ಪ್ಲಗ್ ಆಗಾಗ ಕಿಡಿ ಕೊಡದೆ ಮಿಸ್ ಆಗುತ್ತಿರಬಹುದು. ಕಾರಣ ಸರಿಪಡಿಸಿ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಇನ್ನು ಕಳೆ ಕೊಚ್ಚುವ ಯಂತ್ರಕ್ಕೆಂದು ಕ್ಯಾನ್ ಒಯ್ದು ಡಿಕ್ಕಿಯಲ್ಲಿ ಚೆಲ್ಲಿದ್ದರೆ ಮ್ಯಾಟ್ ತೆಗೆದು ಬಿಸಿಲಿಗೆ ಹಾಕಿ, ಕಲೆಯ ಮೇಲೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಡಿ.

ರಿಪೇರಿಯ ನಂತರ ಕೀ ಆನ್-ಆಫ್ ಪರೀಕ್ಷೆಯನ್ನು ಮತ್ತೆ ಮಾಡಿ. ಇಂಜಿನ್ ಹತ್ತು ನಿಮಿಷ ಓಡಿಸಿ, ಬಿಸಿಯಿರುವಾಗಲೇ ಆಫ್ ಮಾಡಿ ಜಾಯಿಂಟ್‌ಗಳನ್ನು ಇನ್ನೊಮ್ಮೆ ನೋಡಿ. ಪಂಪಿನ ಗ್ಯಾಸ್ಕೆಟ್ ಬದಲಿಸಿದ್ದರೆ ಫುಲ್ ಟ್ಯಾಂಕ್ ಮಾಡಿಸಿ ಒಂದು ಸುತ್ತು ಹೊಡೆಯುವವರೆಗೂ ಸೀಟನ್ನು ಪೂರ್ತಿ ಕೂರಿಸಬೇಡಿ.