ವಾಷರ್ ದ್ರವ ಗಡ್ಡೆ ಕಟ್ಟಿದಾಗ: ಮಿನಿಯಾಪೊಲಿಸ್‌ನಲ್ಲಿ ನನ್ನ ಅನುಭವ

ಅಮೆರಿಕದ ಮಿನಿಯಾಪೊಲಿಸ್‌ನ ಚಳಿಗಾಲದಲ್ಲಿ ಕಾರು ಓಡಿಸುವವರಿಗೆ ಬೀಳುವ ಹಿಮಕ್ಕಿಂತ ಹೆಚ್ಚು ಕಾಟ ಕೊಡುವುದು ರಸ್ತೆಯ ಉಪ್ಪುನೀರು. ಹಿಮ ಕರಗಲೆಂದು ಚೆಲ್ಲಿದ ಉಪ್ಪು ಮುಂದಿನ ಲಾರಿಯ ಚಕ್ರದಿಂದ ಸಿಡಿದು ಗಾಜಿನ ಮೇಲೆ ಬಿದ್ದು, ಒಣಗುತ್ತಲೇ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆಗ ಗಾಜಿಗೆ ದ್ರವ ಚಿಮ್ಮಿಸುವ ವಾಷರ್ ಕೈಕೊಟ್ಟರೆ ವೈಪರ್ ಆ ಕೊಳೆಯನ್ನು ಗಾಜಿನ ತುಂಬ ಹರಡುತ್ತದೆಯೇ ಹೊರತು ಒರೆಸುವುದಿಲ್ಲ.

ಕೆಲಸದ ನಿಮಿತ್ತ ಇಷ್ಟು ಚಳಿಯಿಲ್ಲದ ಡಲ್ಲಾಸ್‌ನಿಂದ ಇಲ್ಲಿಗೆ ಬಂದಾಗ ಕಾರಿನ ವಾಷರ್ ಟ್ಯಾಂಕಿನಲ್ಲಿದ್ದದ್ದು ಬೇಸಿಗೆಯ ದ್ರವ. ಅದರಲ್ಲಿ ಬಹುಪಾಲು ನೀರೇ. ಡಿಸೆಂಬರ್‌ನ ಒಂದು ಬೆಳಿಗ್ಗೆ ವಾಷರ್ ಹಾಕಿದರೆ ಹನಿಯೂ ಬರಲಿಲ್ಲ, ಪಂಪಿನ ಸದ್ದೂ ಕೇಳಲಿಲ್ಲ. ಸದ್ದಿದ್ದು ದ್ರವ ಬಾರದಿದ್ದರೆ ಸಾಮಾನ್ಯವಾಗಿ ನಾಜಲ್ (ದ್ರವ ಚಿಮ್ಮುವ ಸಣ್ಣ ಬಾಯಿ) ಅಥವಾ ಕೊಳವೆ ಕಟ್ಟಿಕೊಂಡಿರುತ್ತದೆ. ಸದ್ದೇ ಇಲ್ಲವಾದರೆ ಪಂಪೇ ಮಂಜುಗಡ್ಡೆಯಲ್ಲಿ ಸಿಕ್ಕಿರಬಹುದು, ಇಲ್ಲವೇ ಫ್ಯೂಸ್ ಹೋಗಿರಬಹುದು. ಮತ್ತೆ ಮತ್ತೆ ಒತ್ತಿದರೆ ಮೋಟಾರ್ ಸುಡುವ ಸಾಧ್ಯತೆಯಿರುವುದರಿಂದ ಅಲ್ಲಿಗೇ ನಿಲ್ಲಿಸಿ ಫ್ಯೂಸ್ ನೋಡಿದೆ, ಅದು ಸರಿಯಿತ್ತು.

ಎಂಜಿನ್ ಬಿಸಿಯಾದರೆ ತಾನಾಗಿ ಕರಗುತ್ತದೆ ಎಂಬ ಸಲಹೆ ನನ್ನ ಕಾರಿಗೆ ಒಗ್ಗಲಿಲ್ಲ. ಬಾನೆಟ್ ತೆರೆದರೆ ಕಾಣುವುದು ಟ್ಯಾಂಕಿನ ಬಾಯಿ ಮಾತ್ರ. ಒಡಲು ಮುಂದಿನ ಬಂಪರ್‌ನ ಹಿಂದೆ, ಚಕ್ರದ ಪಕ್ಕದಲ್ಲಿದ್ದು, ಎಂಜಿನ್ನಿನ ಶಾಖ ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಕುದಿನೀರು ಸುರಿಯುವ ಉಪಾಯವಂತೂ ಬೇಡವೇ ಬೇಡ: ಗಾಜಿಗೆ ತಾಗಿದರೆ ಅದು ಸೀಳೀತು, ಟ್ಯಾಂಕಿಗೆ ಹಾಕಿದ ನೀರು ರಾತ್ರಿ ಮತ್ತೆ ಗಡ್ಡೆಯಾದೀತು.

ಕಚೇರಿಯ ನೆಲಮಾಳಿಗೆಯಲ್ಲಿ ಹೀಟರ್ ಇರುವ ಪಾರ್ಕಿಂಗ್ ಇದ್ದುದರಿಂದ ದಿನವಿಡೀ ಕಾರನ್ನು ಅಲ್ಲೇ ಬಿಟ್ಟೆ. ಸಂಜೆ ಪಂಪ್ ಗುಂಯ್‌ಗುಟ್ಟಿತು. ಕರಗಿತೆಂದು ಅದರ ಮೇಲೆಯೇ ಹೊಸ ದ್ರವ ಸುರಿದಿದ್ದರೆ ಎರಡೂ ಬೆರೆತು ಚಳಿಗಾಲದ ದ್ರವದ ಬಲವೇ ಕುಂದುತ್ತಿತ್ತು. ಆದ್ದರಿಂದ ಸಣ್ಣ ಕೊಳವೆಯ ಕೈಪಂಪಿನಿಂದ ಹಳೆಯದನ್ನು ಹೊರತೆಗೆದು, ಹೊಸದನ್ನು ತುಂಬಿ, ನಾಜಲ್‌ನಿಂದ ಅದರ ಬಣ್ಣವೇ ಚಿಮ್ಮುವವರೆಗೆ ಬಿಟ್ಟುಬಿಟ್ಟು ಸಿಂಪಡಿಸಿದೆ. ಮೊದಲು ಹೆಪ್ಪುಗಟ್ಟುವುದು ಕೊಳವೆ ಮತ್ತು ನಾಜಲ್‌ನಲ್ಲಿ ಉಳಿದ ಆ ನಾಲ್ಕು ಹನಿಗಳೇ. ಚಳಿಗಾಲದ ದ್ರವದಲ್ಲಿ ಸಾಮಾನ್ಯವಾಗಿ ಇರುವ ಮೆಥನಾಲ್ ಎಂಬ ಆಲ್ಕೊಹಾಲ್ ವಿಷವಾದ್ದರಿಂದ, ನಮ್ಮೂರಲ್ಲಿ ಪೆಟ್ರೋಲ್ ಎಳೆಯುವಂತೆ ಬಾಯಿಂದ ಎಳೆಯುವ ಸಾಹಸ ಮಾತ್ರ ಸಲ್ಲದು.

ದ್ರವ ಎಷ್ಟು ಚಳಿಯವರೆಗೆ ಹೆಪ್ಪುಗಟ್ಟದು ಎಂದು ಇಲ್ಲಿನ ಡಬ್ಬಿಯ ಮೇಲೆ ಬರೆದಿರುವ ‘-20’ ಫ್ಯಾರನ್‌ಹೀಟ್ ಲೆಕ್ಕ. ಸೆಲ್ಸಿಯಸ್‌ನಲ್ಲಿ ಅದು ಸುಮಾರು -29. ಸಾಮಾನ್ಯ ದಿನಗಳಿಗೆ ಅಷ್ಟು ಸಾಕಾದರೂ, 2019ರ ಜನವರಿ 30ರಂದು ಈ ಊರಿನ ತಾಪಮಾನ -28 ಫ್ಯಾರನ್‌ಹೀಟ್‌ಗೆ ಇಳಿದಿತ್ತು ಎಂಬುದನ್ನು ನೆನೆದು ನಾನು ‘-35’ರ ಡಬ್ಬಿಯನ್ನೇ ಕೊಳ್ಳುತ್ತೇನೆ, ಅದಕ್ಕೆ ನೀರು ಬೆರೆಸುವುದಿಲ್ಲ. ಆದರೂ ಗಾಜು ತಣ್ಣಗಿದ್ದರೆ ಮೆಥನಾಲ್ ಬೇಗ ಆವಿಯಾಗಿ ಉಳಿದ ನೀರು ಕಣ್ಣೆದುರೇ ಪೊರೆಗಟ್ಟುತ್ತದೆ, ಅದರಲ್ಲೂ ಹೆದ್ದಾರಿಯ ವೇಗದಲ್ಲಿ. ಹಾಗಾಗಿ ಗಾಜಿಗೆ ಬಿಸಿಗಾಳಿ ಊದುವ ಡಿಫ್ರಾಸ್ಟರ್ ಹಾಕಿ ಗಾಜು ಬೆಚ್ಚಗಾದ ಮೇಲೆಯೇ ವಾಷರ್ ಮುಟ್ಟುತ್ತೇನೆ.